ಉಸಿರಿನ ಜಾಡ್ಯ ಮತ್ತು ಊಟದ ತಟ್ಟೆ

ಮನೆಯಲ್ಲಿ ಒಬ್ಬರು ಜ್ವರದಿಂದ ಮಲಗಿದರೆ ಉಳಿದವರ ಪ್ರೀತಿಯೆಲ್ಲ ಅಡುಗೆಮನೆಯ ಮೂಲಕವೇ ಪ್ರಕಟವಾಗುವುದು ನಮ್ಮ ನಾಡಿನ ರೂಢಿ. ಒಬ್ಬರು ಗಂಜಿ ಕಾಯಿಸುತ್ತಾರೆ, ಮತ್ತೊಬ್ಬರು ಎಳನೀರು ತರುತ್ತಾರೆ. ನೋಡಲು ಬಂದವರು ಬರಿಗೈಯಲ್ಲಿ ಬರಬಾರದೆಂದು ಹಣ್ಣು, ಬ್ರೆಡ್ಡು, ಪೇಡೆಗಳನ್ನು ಹಿಡಿದು ಬರುತ್ತಾರೆ. ಕಾಯಿಲೆ ಶ್ವಾಸಕೋಶದ್ದಾದರೆ ಈ ಆಹಾರದ ವಿಷಯದಲ್ಲಿ ನಾವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಅದು ತಂಪೋ ಉಷ್ಣವೋ? ಕಫ ಕಟ್ಟುತ್ತದೆಯೋ ಇಲ್ಲವೋ? ಆ ತಿನಿಸಿನಲ್ಲಿ ಜೀವಂತ ರೋಗಾಣುಗಳಿರಬಹುದೇ ಎಂಬ ಮೂರನೆಯ ಪ್ರಶ್ನೆ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಉಸಿರಿನ ರೋಗಕ್ಕೂ ಹೊಟ್ಟೆಗೆ ಹೋಗುವ ಕೂಳಿಗೂ ಏನು ಸಂಬಂಧ ಎಂಬುದೇ ಎಲ್ಲರ ಭಾವನೆ. 2020ರಿಂದ ಈಚೆಗೆ, ಕೋವಿಡ್ ಮಹಾಮಾರಿಯ ಅನುಭವದಿಂದ, ಈ ಸಂಬಂಧ ಇದೆ ಎಂಬುದು ವೈದ್ಯಲೋಕಕ್ಕೆ ಹೊಸದಾಗಿ ಮನವರಿಕೆಯಾಗಿದೆ. ಆ ಸಂಗತಿಯನ್ನು ನಮ್ಮ ಅಧ್ಯಾಪಕ ಬಂಧುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ವಿದ್ಯಾರ್ಥಿನಿಲಯದ ಅಡುಗೆಮನೆಗೆ ನೆರವಾಗುವ ದಾನಿಗಳಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ವೈರಸ್ ಜ್ವರದ ಬೆನ್ನಿಗೆ ಬ್ಯಾಕ್ಟೀರಿಯಾ ಸೋಂಕು ಬರುವುದು ಹೊಸ ವಿಷಯವೇನಲ್ಲ. 1918ರ ಇನ್‌ಫ್ಲುಯೆಂಜಾದಲ್ಲಿ ಮಡಿದವರ ಶ್ವಾಸಕೋಶದ ಮಾದರಿಗಳನ್ನು ಅಮೆರಿಕದ ವಿಜ್ಞಾನಿಗಳು ಮತ್ತೆ ಪರಿಶೀಲಿಸಿ, ಆ ಸಾವುಗಳಲ್ಲಿ ಬಹುಪಾಲು ವೈರಸ್ಸಿನ ನಂತರ ನುಗ್ಗಿದ ಬ್ಯಾಕ್ಟೀರಿಯಾಗಳ ನ್ಯುಮೋನಿಯಾದಿಂದಲೇ ಆದುವೆಂದು 2008ರಲ್ಲಿ ತೋರಿಸಿಕೊಟ್ಟರು. ಆದರೆ ಆ ಬ್ಯಾಕ್ಟೀರಿಯಾಗಳು ಮೂಗು ಗಂಟಲುಗಳಲ್ಲಿ ಮೊದಲೇ ನೆಲೆಸಿದ್ದವು. ವೈರಸ್ಸು ಶ್ವಾಸನಾಳದ ಒಳಪದರವನ್ನು ಕೆಡವಿದ ಮೇಲೆ ಅವು ಅದೇ ದಾರಿಯಲ್ಲಿ ಕೆಳಗಿಳಿದವು. ನಾವು ಇಲ್ಲಿ ನೋಡಬೇಕಾದುದು ಬೇರೊಂದು ದಾರಿ. ಅನ್ನದ ಜೊತೆ ಒಳಹೊಕ್ಕು, ಕರುಳಿನ ಗೋಡೆಯನ್ನು ದಾಟಿ, ರಕ್ತವನ್ನು ಸೇರಿ ಮಿದುಳಿನ ಪೊರೆಯವರೆಗೆ ಹೋಗಬಲ್ಲ ಜೀವಿಗಳ ದಾರಿ ಅದು. ಇಂಥ ಜೀವಿಗಳು ಹಲವು ಇದ್ದರೂ ಈ ಮಾತಿಗೆ ಅತ್ಯಂತ ಸ್ಪಷ್ಟ ನಿದರ್ಶನ ಲಿಸ್ಟೀರಿಯಾ ಮಾನೊಸೈಟೋಜೀನಿಸ್ ಎಂಬುದು.

ಹೆಸರು ನಾಲಿಗೆಗೆ ತೊಡಕು. ಆದರೆ ಅದರ ಚರಿತ್ರೆ ಸ್ವಾರಸ್ಯವಾಗಿದೆ. 1926ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಪ್ರಯೋಗಶಾಲೆಯ ಮೊಲಗಳು ಇದ್ದಕ್ಕಿದ್ದಂತೆ ಸತ್ತಾಗ ಮರ್ರೆ ಮತ್ತು ಅವರ ಸಹೋದ್ಯೋಗಿಗಳು ಈ ಜೀವಿಯನ್ನು ಬೇರ್ಪಡಿಸಿ ವರ್ಣಿಸಿದರು. ಮರುವರ್ಷ ದಕ್ಷಿಣ ಆಫ್ರಿಕದಲ್ಲಿ ಪಿರಿ ಎಂಬುವರು ಕಾಡಿನ ಇಲಿಜಾತಿಯ ಪ್ರಾಣಿಗಳಲ್ಲಿ ಅದನ್ನೇ ಕಂಡರು. ಶಸ್ತ್ರಚಿಕಿತ್ಸೆಯಲ್ಲಿ ರೋಗಾಣುನಾಶಕಗಳನ್ನು ಬಳಕೆಗೆ ತಂದ ಜೋಸೆಫ್ ಲಿಸ್ಟರ್ ಅವರ ಗೌರವಾರ್ಥವಾಗಿ ಅದಕ್ಕೆ 1940ರಲ್ಲಿ ಈಗಿನ ಹೆಸರು ಸ್ಥಿರವಾಯಿತು. ರೋಗಾಣುಗಳ ವಿರುದ್ಧ ಜೀವನವಿಡೀ ಹೋರಾಡಿದವರ ಹೆಸರನ್ನು ಒಂದು ರೋಗಾಣುವಿಗೇ ಇಟ್ಟುದು ಗೌರವವೋ ಕುಚೋದ್ಯವೋ ಹೇಳುವುದು ಕಷ್ಟ. ಬಹುಕಾಲ ಇದನ್ನು ದನ, ಕುರಿಗಳ ರೋಗವೆಂದೇ ಪರಿಗಣಿಸಲಾಗಿತ್ತು. ಮನುಷ್ಯರಿಗೆ ಅದು ಆಹಾರದಿಂದ ಬರುತ್ತದೆಂಬುದು ಖಚಿತವಾದುದು 1981ರಲ್ಲಿ. ಆ ವರ್ಷ ಕೆನಡಾ ದೇಶದ ಪೂರ್ವ ಕರಾವಳಿಯಲ್ಲಿ 41 ಮಂದಿಗೆ ಈ ಸೋಂಕು ತಗುಲಿತು. ಅವರಲ್ಲಿ ಹೆಚ್ಚಿನವರು ಗರ್ಭಿಣಿಯರು ಮತ್ತು ನವಜಾತ ಶಿಶುಗಳು. ಹುಡುಕುತ್ತ ಹೋದಾಗ ಜಾಡು ಹೆಚ್ಚಿದ ಹಸಿ ಎಲೆಕೋಸಿನ ಒಂದು ತಿನಿಸಿಗೆ ಬಂದು ನಿಂತಿತು. ಆ ಕೋಸನ್ನು ಬೆಳೆದ ಹೊಲಕ್ಕೆ ಕುರಿಗೊಬ್ಬರವನ್ನು ಹಸಿಯಾಗಿಯೇ ಹಾಕಲಾಗಿತ್ತು. ಆ ಮಂದೆಯಲ್ಲಿ ಕುರಿಗಳು ಇದೇ ರೋಗದಿಂದ ಸತ್ತಿದ್ದವು. ಕೊಯ್ದ ಕೋಸನ್ನು ಚಳಿಗಾಲವೆಲ್ಲ ತಂಪು ಕೊಠಡಿಯಲ್ಲಿ ಕೂಡಿಡಲಾಗಿತ್ತು.

ಈ ಕೊನೆಯ ಸಂಗತಿಯನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ರೆಫ್ರಿಜರೇಟರಿನೊಳಗೆ ಇಟ್ಟ ಪದಾರ್ಥ ಕೆಡುವುದಿಲ್ಲ, ಆದುದರಿಂದ ಅಪಾಯವಿಲ್ಲ ಎಂದು ನಾವು ನಂಬಿದ್ದೇವೆ. ಹೆಚ್ಚಿನ ರೋಗಾಣುಗಳ ಮಟ್ಟಿಗೆ ಅದು ಸರಿಸುಮಾರು ನಿಜ. 4 ಡಿಗ್ರಿ ಶಾಖದಲ್ಲಿ ಅವುಗಳ ವೃದ್ಧಿ ನಿಂತುಹೋಗುತ್ತದೆ ಇಲ್ಲವೆ ತೀರ ಮಂದವಾಗುತ್ತದೆ. ಲಿಸ್ಟೀರಿಯಾ ಹಾಗಲ್ಲ. ಆ ಚಳಿಯಲ್ಲಿಯೂ ಅದು ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಪ್ರತಿಸ್ಪರ್ಧಿಗಳೆಲ್ಲ ಮಲಗಿರುವಾಗ ಅದೊಂದೇ ಎಚ್ಚರವಾಗಿರುವುದರಿಂದ ತಂಪು ಪೆಟ್ಟಿಗೆ ಅದಕ್ಕೆ ಅನುಕೂಲವೇ ಆಗುತ್ತದೆ. ಹೆಪ್ಪುಗಟ್ಟಿಸಿದರೂ ಸಾಯದು. ಆದರೆ ಬಿಸಿಗೆ ಅದು ಸಾಮಾನ್ಯ ಜೀವಿಯೇ. ಹಾಲನ್ನು 72 ಡಿಗ್ರಿಗೆ 15 ಸೆಕೆಂಡು ಕಾಯಿಸುವ ಪಾಶ್ಚರೀಕರಣದಲ್ಲಿಯೇ ನಾಶವಾಗುತ್ತದೆ. ನಮ್ಮ ತಾಯಂದಿರು ಹಾಲನ್ನು ಉಕ್ಕಿ ಬರುವವರೆಗೆ ಕಾಯಿಸದೆ ಯಾರಿಗೂ ಕೊಡದಿದ್ದುದು ಲಿಸ್ಟೀರಿಯಾದ ಹೆಸರು ಕೇಳಿ ಅಲ್ಲ. ಆದರೂ ಆ ರೂಢಿ ಎಷ್ಟು ಜನರನ್ನು ಕಾಪಾಡಿದೆಯೋ ಲೆಕ್ಕವಿಟ್ಟವರಿಲ್ಲ.

ಆರೋಗ್ಯವಂತರು ಇಂಥ ಜೀವಿಗಳನ್ನು ಆಗಾಗ ನುಂಗುತ್ತಲೇ ಇರುತ್ತಾರೆ. ಏನೂ ಆಗುವುದಿಲ್ಲ, ಹೆಚ್ಚೆಂದರೆ ಎರಡು ದಿನ ಹೊಟ್ಟೆ ಕೆಡುತ್ತದೆ. ಹಾಗಾದರೆ ಕೆಲವರಿಗೆ ಮಾತ್ರ ಅದು ಪ್ರಾಣಾಂತಿಕವಾಗುವುದು ಏಕೆ? ಇದಕ್ಕೆ ಉತ್ತರ ಅದರ ಸಂಚಾರದ ರೀತಿಯಲ್ಲಿದೆ. ಬಹುಮಟ್ಟಿನ ಬ್ಯಾಕ್ಟೀರಿಯಾಗಳು ರಕ್ತದಲ್ಲಿ, ಜೀವಕೋಶಗಳ ಹೊರಗೆ, ಬೀದಿಯಲ್ಲಿ ಓಡಾಡುವವರಂತೆ ಇರುತ್ತವೆ. ರಕ್ತದಲ್ಲಿರುವ ಪ್ರತಿಕಾಯಗಳು ಅವುಗಳನ್ನು ಹಿಡಿಯಬಲ್ಲವು. ಲಿಸ್ಟೀರಿಯಾ ಕರುಳಿನ ಜೀವಕೋಶದೊಳಕ್ಕೇ ನುಸುಳುತ್ತದೆ. ಅದನ್ನು ನುಂಗಿ ಅರಗಿಸಲು ಬಂದ ಭಕ್ಷಕಕೋಶ ಅದನ್ನು ಒಂದು ಚೀಲದಲ್ಲಿ ಕೂಡಿಹಾಕಿದರೆ, ತನ್ನದೇ ಒಂದು ರಸದಿಂದ ಆ ಚೀಲವನ್ನು ತೂತುಮಾಡಿ ಹೊರಬರುತ್ತದೆ. ಬಂದ ಮೇಲೆ ಆ ಕೋಶದಲ್ಲಿರುವ ಆಕ್ಟಿನ್ ಎಂಬ ಎಳೆಗಳನ್ನೇ ಬಾಲದಂತೆ ಕಟ್ಟಿಕೊಂಡು ಅದರ ನೂಕಿನಿಂದ ಪಕ್ಕದ ಕೋಶಕ್ಕೆ ನುಗ್ಗುತ್ತದೆ. ಗೋಡೆಗೆ ಗೋಡೆ ಕೂಡಿದ ಕೇರಿಯಲ್ಲಿ ಕಳ್ಳನು ಬೀದಿಗೆ ಇಳಿಯದೆ ಮನೆಯಿಂದ ಮನೆಗೆ ಕನ್ನ ಕೊರೆದುಕೊಂಡು ಹೋದರೆ ಬೀದಿಯ ಕಾವಲುಗಾರನಿಗೆ ಕಾಣಿಸುವುದೆಂತು? 1980ರ ದಶಕದ ಕೊನೆಗೆ ಸೂಕ್ಷ್ಮದರ್ಶಕದಲ್ಲಿ ಈ ಬಾಲವನ್ನು ಮೊದಲು ಕಂಡವರು ಬೆರಗಾದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಾಸ್ಕಾಲ್ ಕೊಸಾರ್ ಎಂಬ ವಿಜ್ಞಾನಿ ತಮ್ಮ ಆಯುಷ್ಯದ ಬಹುಭಾಗವನ್ನು ಈ ಒಂದು ಜೀವಿಯ ಅಧ್ಯಯನಕ್ಕೆ ಮೀಸಲಿಟ್ಟರು.

ಇಂಥ ಕಳ್ಳನನ್ನು ಹಿಡಿಯಲು ಮನೆಮನೆಯನ್ನೂ ಶೋಧಿಸುವ ಕಾವಲು ಬೇಕು. ಶರೀರದಲ್ಲಿ ಆ ಕೆಲಸ ಮಾಡುವುವು ಟಿ-ಲಿಂಫೊಸೈಟ್ ಎಂಬ ಬಿಳಿಯ ರಕ್ತಕಣಗಳು ಮತ್ತು ಅವುಗಳಿಂದ ಪ್ರಚೋದಿತವಾಗುವ ಭಕ್ಷಕಕೋಶಗಳು. ಭಕ್ಷಕಕೋಶಗಳ ಈ ಪಾತ್ರವನ್ನು 1962ರಲ್ಲಿ ಆಸ್ಟ್ರೇಲಿಯದ ಮೆಕನೆಸ್ ಎಂಬುವರು ಇಲಿಗಳಿಗೆ ಇದೇ ಲಿಸ್ಟೀರಿಯಾವನ್ನು ಕೊಟ್ಟು ಸಾಧಿಸಿ ತೋರಿಸಿದರು. ಆದುದರಿಂದ ಯಾರಲ್ಲಿ ಈ ಕಾವಲು ದುರ್ಬಲವಾಗಿದೆಯೋ, ಅಂದರೆ ವೃದ್ಧರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಸ್ಟೀರಾಯಿಡ್ ಔಷಧ ಸೇವಿಸುವವರು, ಅವರಿಗೇ ಈ ರೋಗ. ಬಂದಾಗ ನೂರರಲ್ಲಿ 20ರಿಂದ 30 ಮಂದಿ ಸಾಯುತ್ತಾರೆ. ಆಹಾರದಿಂದ ಬರುವ ಸೋಂಕುಗಳಲ್ಲಿ ಇಷ್ಟು ಕ್ರೂರವಾದುವು ಕಡಿಮೆ.

ಈಗ ಕೋವಿಡ್ ರೋಗಿಯ ಹಾಸಿಗೆಯ ಬಳಿಗೆ ಬರೋಣ. ತೀವ್ರ ಕೋವಿಡ್‌ನಲ್ಲಿ ರಕ್ತದ ಲಿಂಫೊಸೈಟುಗಳ ಸಂಖ್ಯೆಯೇ ಇಳಿದುಹೋಗುತ್ತದೆ. ಕಾವಲು ಆಗಲೇ ಅರ್ಧವಾಯಿತು. ಇದರ ಮೇಲೆ ಚಿಕಿತ್ಸೆಯ ಪರಿಣಾಮ. ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ನಡೆದ ರಿಕವರಿ ಎಂಬ ದೊಡ್ಡ ಪ್ರಯೋಗದ ಫಲಿತಾಂಶ 2020ರ ಜೂನ್ ತಿಂಗಳಲ್ಲಿ ಹೊರಬಿತ್ತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಹಳೆಯ ಸ್ಟೀರಾಯಿಡನ್ನು ದಿನಕ್ಕೆ 6 ಮಿಲಿಗ್ರಾಂನಂತೆ ಗರಿಷ್ಠ 10 ದಿನ ಕೊಟ್ಟಾಗ, ಉಸಿರಾಟದ ಯಂತ್ರದಲ್ಲಿದ್ದವರ ಸಾವು ನೂರಕ್ಕೆ 41ರಿಂದ 29ಕ್ಕೆ ಇಳಿಯಿತು. ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ 26ರಿಂದ 23ಕ್ಕೆ. ಆಮ್ಲಜನಕವೇ ಬೇಡದವರಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲ. ಈ ಔಷಧ ಲಕ್ಷಾಂತರ ಜೀವಗಳನ್ನು ಉಳಿಸಿದೆ ಎಂಬುದನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತು ಆಡಬೇಕು. ಅದು ಕೆಲಸ ಮಾಡುವುದು ಶ್ವಾಸಕೋಶವನ್ನೇ ಸುಡುತ್ತಿರುವ ರೋಗನಿರೋಧಕ ಶಕ್ತಿಯ ಅತಿರೇಕವನ್ನು ಅಡಗಿಸುವುದರ ಮೂಲಕ. ಅತಿರೇಕವನ್ನು ಅಡಗಿಸುವಾಗ ಮನೆಮನೆ ಕಾಯುವ ಕಾವಲನ್ನೂ ಅದು ಅಡಗಿಸುತ್ತದೆ. ಇನ್ನೂ ತೀವ್ರವಾದವರಿಗೆ ಟೋಸಿಲಿಜುಮಾಬ್ ಎಂಬ ಚುಚ್ಚುಮದ್ದನ್ನು ಸೇರಿಸುತ್ತಿದ್ದರು. ಅದರ ಪ್ರಭಾವ ವಾರಗಟ್ಟಲೆ ಉಳಿಯುತ್ತದೆ.

ಆಸ್ಪತ್ರೆಗಳಲ್ಲಿ ಸ್ಟೀರಾಯಿಡಿನ ಜೊತೆಗೆ ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಮಾತ್ರೆಯನ್ನೂ ಕೊಡುವ ವಾಡಿಕೆಯಿದೆ. ಜನರ ಬಾಯಲ್ಲಿ ಅದು ಗ್ಯಾಸ್ ಮಾತ್ರೆ. ಜಠರದ ಆಮ್ಲ ಕೇವಲ ಪಚನಕ್ಕಾಗಿ ಇರುವುದಲ್ಲ. ಅನ್ನದೊಡನೆ ಬಂದ ರೋಗಾಣುಗಳಿಗೆ ಅದು ಹೆಬ್ಬಾಗಿಲ ಅಗ್ನಿಪರೀಕ್ಷೆ. ಆ ಬೆಂಕಿಯನ್ನು ನಂದಿಸಿದವರಲ್ಲಿ ಲಿಸ್ಟೀರಿಯಾವೂ ಸಾಲ್ಮೊನೆಲ್ಲಾ ಎಂಬ ಇನ್ನೊಂದು ರೋಗಾಣುವೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ ಎಂಬುದು ಹಲವು ದೇಶಗಳ ಅಧ್ಯಯನಗಳಿಂದ ತಿಳಿದುಬಂದಿದೆ.

ವೈರಸ್ಸು ತಾನೇ ಕರುಳಿನ ಮೇಲೆ ಏನು ಮಾಡುತ್ತದೆ ಎಂಬುದು ಇನ್ನೂ ಕುತೂಹಲಕಾರಿ. ಕೋವಿಡ್ ವೈರಸ್ ಹೊಗುವ ಬಾಗಿಲು ಕರುಳಿನ ಜೀವಕೋಶಗಳ ಮೇಲೆಯೂ ಇದೆ. ಆದುದರಿಂದಲೇ ಅನೇಕ ರೋಗಿಗಳಿಗೆ ಭೇದಿಯಾಗುತ್ತಿತ್ತು. ಇನ್‌ಫ್ಲುಯೆಂಜಾ ಕರುಳಿಗೆ ಹೋಗದಿದ್ದರೂ ಸಹ, ಇಲಿಗಳಲ್ಲಿ ಆ ಜ್ವರದ ಸಮಯದಲ್ಲಿ ಕರುಳಿನ ಸಹಜ ಸೂಕ್ಷ್ಮಜೀವಿಗಳ ಸಮತೋಲನ ಕೆಟ್ಟು ಸಾಲ್ಮೊನೆಲ್ಲಾ ಹೆಚ್ಚುತ್ತದೆ ಎಂದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಕಾರಣ, ವೈರಸ್ಸಿನ ವಿರುದ್ಧ ಶರೀರ ಮೊಳಗಿಸುವ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಗಂಟೆ. ಆ ಗಂಟೆಗೆ ಓಗೊಡಲಾರದಂತೆ ಮಾಡಿದ ಇಲಿಗಳು ಲಿಸ್ಟೀರಿಯಾವನ್ನು ಇತರ ಇಲಿಗಳಿಗಿಂತ ಚೆನ್ನಾಗಿ ಎದುರಿಸುತ್ತವೆ ಎಂಬುದು 2004ರಷ್ಟು ಹಿಂದೆಯೇ ಕಂಡುಬಂದಿತ್ತು. ಅಂದರೆ ವೈರಸ್ಸಿಗೆ ಬಾಗಿಲು ಮುಚ್ಚುವ ಬೀಗವೇ ಕೆಲವು ಬ್ಯಾಕ್ಟೀರಿಯಾಗಳಿಗೆ ಹಿತ್ತಲ ಬಾಗಿಲನ್ನು ತೆರೆಯುತ್ತದೆ! ಇದು ಇಲಿಗಳ ಮಾತು. ಮನುಷ್ಯರಿಗೂ ಅಷ್ಟೇ ಅಳತೆಯಲ್ಲಿ ಅನ್ವಯಿಸುತ್ತದೆಂದು ಹಟ ಹಿಡಿಯಬಾರದು.

ಕೋವಿಡ್ ಕಾಲದಲ್ಲಿ ಬೇರೆಬೇರೆ ದೇಶಗಳ ವೈದ್ಯಪತ್ರಿಕೆಗಳಲ್ಲಿ ಇಂಥ ರೋಗಿಗಳ ವರದಿಗಳು ಪ್ರಕಟವಾದವು: ಉಸಿರಾಟ ಸುಧಾರಿಸುತ್ತಿದ್ದಾಗಲೇ ಲಿಸ್ಟೀರಿಯಾದಿಂದ ರಕ್ತನಂಜು, ಇಲ್ಲವೆ ಮಿದುಳಿನ ಪೊರೆಯ ಉರಿಯೂತ. ಸಂಖ್ಯೆಯಲ್ಲಿ ಅವು ಕೆಲವೇ. ಈ ಕಾರಣಕ್ಕೆ ಭಯಪಡಬೇಕಾದುದಿಲ್ಲ. ನಮ್ಮಲ್ಲಿ ಇದೇ ತರ್ಕದ ಬೇರೊಂದು ರೂಪವನ್ನು ಎಲ್ಲರೂ ಕಣ್ಣಾರೆ ಕಂಡಿದ್ದೇವೆ. 2021ರ ಬೇಸಿಗೆಯಲ್ಲಿ ಕರ್ನಾಟಕವೂ ಸೇರಿ ದೇಶದಾದ್ಯಂತ ಸಾವಿರಾರು ಜನರ ಕಣ್ಣು, ದವಡೆಗಳನ್ನು ತಿಂದುಹಾಕಿದ ಕಪ್ಪು ಶಿಲೀಂಧ್ರ ರೋಗ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯಿಡುಗಳು ಕೂಡಿ ತೆರೆದ ಬಾಗಿಲಿನಿಂದಲೇ ಬಂದಿತು. ಶಿಲೀಂಧ್ರ ಮೂಗಿನಿಂದ ಬಂದಿತು, ಲಿಸ್ಟೀರಿಯಾ ಬಾಯಿಂದ. ಕಾವಲು ಸಡಿಲಿಸಿದ ಕೈ ಮಾತ್ರ ಒಂದೇ. ಮನೆಯಲ್ಲಿಯೇ ಸ್ವಲ್ಪ ಜ್ವರವಿದ್ದ ಎಷ್ಟೋ ಜನರು ಔಷಧದಂಗಡಿಯಿಂದ ಸ್ಟೀರಾಯಿಡ್ ಮಾತ್ರೆ ತಂದು ನುಂಗಿದುದು, ಮೇಲೆ ಹೇಳಿದ ಪ್ರಯೋಗದ ಬೆಳಕಿನಲ್ಲಿ ನೋಡಿದರೆ, ಲಾಭವಿಲ್ಲದ ಬರಿಯ ನಷ್ಟ.

ವೈದ್ಯರ ಕಷ್ಟವನ್ನೂ ಇಲ್ಲಿ ಹೇಳಬೇಕು. ಸೋಂಕು ಬಂದರೆ ಜ್ವರ ಬರಬೇಕು, ರಕ್ತಪರೀಕ್ಷೆಯಲ್ಲಿ ಸಿ.ಆರ್.ಪಿ. ಏರಬೇಕು. ಸ್ಟೀರಾಯಿಡ್ ಜ್ವರವನ್ನು ಮುಚ್ಚಿಡುತ್ತದೆ, ಟೋಸಿಲಿಜುಮಾಬ್ ಸಿ.ಆರ್.ಪಿ. ತಯಾರಾಗುವುದನ್ನೇ ತಡೆಯುತ್ತದೆ. ರೋಗಿ ತುಸು ಮಂಕಾದರೆ, ಮಾತು ತಡವರಿಸಿದರೆ, ದೀರ್ಘ ಕಾಯಿಲೆಯ ಬಳಲಿಕೆ ಎಂದುಕೊಳ್ಳುವುದು ಸುಲಭ. ರಕ್ತದ ಮಾದರಿಯಲ್ಲಿ ಜೀವಿ ಸಿಕ್ಕರೂ, ಸೂಕ್ಷ್ಮದರ್ಶಕದಲ್ಲಿ ಅದು ಚರ್ಮದ ಮೇಲೆ ಸಹಜವಾಗಿರುವ ನಿರಪಾಯಕಾರಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳಂತೆ ಕಾಣುವುದರಿಂದ, ಸೂಜಿ ಚುಚ್ಚುವಾಗ ಸೇರಿದ ಕೊಳೆ ಎಂದು ತಳ್ಳಿಹಾಕುವ ಸಂಭವವಿದೆ. ಎಲ್ಲಕ್ಕಿಂತ ಮುಖ್ಯವಾದುದು ಔಷಧದ ಮಾತು. ಆಸ್ಪತ್ರೆಗಳಲ್ಲಿ ನ್ಯುಮೋನಿಯಾಕ್ಕೂ ಮಿದುಳಿನ ಪೊರೆಯ ಸೋಂಕಿಗೂ ಮೊದಲು ಕೈಹಾಕುವ ಸೆಫ್ಟ್ರಿಯಾಕ್ಸೋನ್ ಮತ್ತು ಅದರ ಬಳಗದ ಔಷಧಗಳಾವುವೂ ಲಿಸ್ಟೀರಿಯಾವನ್ನು ಮುಟ್ಟುವುದಿಲ್ಲ. ಅದಕ್ಕೆ ಬೇಕಾದುದು ಹಳೆಯ, ಅಗ್ಗದ ಆಂಪಿಸಿಲಿನ್. ಆದುದರಿಂದಲೇ ಐವತ್ತು ದಾಟಿದವರಲ್ಲಿ ಅಥವಾ ಸ್ಟೀರಾಯಿಡ್ ಸೇವಿಸಿದವರಲ್ಲಿ ಇಂಥ ಲಕ್ಷಣ ಕಂಡರೆ ಆಂಪಿಸಿಲಿನ್ನನ್ನು ಮೊದಲ ದಿನದಿಂದಲೇ ಸೇರಿಸಬೇಕೆಂಬುದು ಅಂಗೀಕೃತ ಕ್ರಮ. ಆದರೆ ಸ್ಟೀರಾಯಿಡ್ ಸೇವಿಸಿದ್ದಾರೆಂಬುದನ್ನು ಹೊಸ ವೈದ್ಯರಿಗೆ ಹೇಳುವವರು ಬೇಕಲ್ಲ! ಈ ರೋಗ ನುಂಗಿದ ದಿನದಿಂದ 70 ದಿನಗಳವರೆಗೂ ತಡವಾಗಿ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ಆಸ್ಪತ್ರೆ ಬದಲಾಗಿರುತ್ತದೆ, ಚೀಟಿ ಕಳೆದಿರುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. 2021ರಲ್ಲಿ ಉತ್ತರ ಭಾರತದ ಹಳ್ಳಿಗಳಲ್ಲಿ ಕೋವಿಡ್ ಜ್ವರವನ್ನೇ ಟೈಫಾಯಿಡ್ ಎಂದುಕೊಂಡು ಚಿಕಿತ್ಸೆ ಪಡೆದವರ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಟೈಫಾಯಿಡ್ ನಿಜವಾಗಿಯೂ ಅನ್ನನೀರಿನಿಂದ ಬರುವ ರೋಗವೇ. ಅದರ ರೋಗಾಣುವೂ ಸಾಲ್ಮೊನೆಲ್ಲಾ ಕುಲದ್ದೇ. ಆದರೆ ಅದನ್ನು ನಿರ್ಧರಿಸಲು ನಮ್ಮಲ್ಲಿ ಇಂದಿಗೂ ನೆಚ್ಚುವ ವಿಡಾಲ್ ಪರೀಕ್ಷೆ 1896ರದು. ಬೇರೆ ಜ್ವರಗಳಲ್ಲಿಯೂ ಅದು ಸುಳ್ಳು ಹೇಳುತ್ತದೆ. ರೋಗಾಣುವನ್ನೇ ಬೆಳೆಸಿ ನೋಡುವ ಪರೀಕ್ಷೆಗೆ ಸಮಾನವಾದುದು ಟೈಫಾಯಿಡಿಗೂ ಇಲ್ಲ, ಲಿಸ್ಟೀರಿಯಾಕ್ಕೂ ಇಲ್ಲ.

ಆಸ್ಪತ್ರೆಯ ತಟ್ಟೆಯೇ ಸುರಕ್ಷಿತವೆಂದು ಭಾವಿಸುವಂತಿಲ್ಲ. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಒಂದೇ ಆಸ್ಪತ್ರೆಯಲ್ಲಿ ಬೇರೆ ಕಾಯಿಲೆಗಳಿಗಾಗಿ ದಾಖಲಾಗಿದ್ದ ಐವರಿಗೆ ಲಿಸ್ಟೀರಿಯಾ ತಗುಲಿ ಮೂವರು ಸತ್ತರೆಂಬುದು 2015ರಲ್ಲಿ ಬಯಲಾಯಿತು. ಮೂಲ, ರೋಗಿಗಳಿಗೆ ಪುಷ್ಟಿಯಾಗಲೆಂದು ಐಸ್‌ಕ್ರೀಮಿನಿಂದ ಮಾಡಿಕೊಟ್ಟ ಮಿಲ್ಕ್‌ಶೇಕ್. 2019ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಒಳರೋಗಿಗಳಿಗೆ ಕೊಟ್ಟ ತಣ್ಣನೆಯ ಸ್ಯಾಂಡ್‌ವಿಚ್ಚುಗಳಿಂದ ಸಾವುಗಳಾದಾಗ ಸರ್ಕಾರ ಆಸ್ಪತ್ರೆಯ ಆಹಾರದ ಬಗೆಗೇ ಒಂದು ವಿಚಾರಣೆಯನ್ನು ಏರ್ಪಡಿಸಿತು. ಅದರ ವರದಿ 2020ರ ಅಕ್ಟೋಬರಿನಲ್ಲಿ ಬಂದಿತು. ಈ ಎರಡು ಕಡೆಯೂ ತಪ್ಪು ಪ್ರೀತಿಯ ಕೊರತೆಯಿಂದ ಆದುದಲ್ಲ.

ನಮ್ಮ ಕನ್ನಡನಾಡಿನ ಊಟಕ್ಕೆ ಇದನ್ನು ಹೊಂದಿಸಿ ನೋಡಿದರೆ ಬಹುಪಾಲು ಸಮಾಧಾನವೇ. ಬಿಸಿ ಮುದ್ದೆ, ಬಿಸಿ ಅನ್ನ, ಕುದಿದ ಸಾರು, ಆಗ ತಾನೇ ಬೇಯಿಸಿದ ರೊಟ್ಟಿ, ಕಾಯಿಸಿದ ಹಾಲು ಇವುಗಳಲ್ಲಿ ಈ ಜೀವಿಗೆ ಉಳಿಗಾಲವಿಲ್ಲ. ಸ್ಟೀರಾಯಿಡ್ ಪಡೆಯುತ್ತಿರುವವರಿಗೆ ಹೊರತುಪಡಿಸಬೇಕಾದುವು ಕೆಲವು: ಹಸಿಬೇಳೆಯ ಕೋಸಂಬರಿ, ಕಾಯಿಸದ ಹಾಲು ಮತ್ತು ಅದರಿಂದ ಮಾಡಿದ ಪನೀರು, ಅಂಗಡಿಯಲ್ಲಿ ಕತ್ತರಿಸಿಟ್ಟ ಹಣ್ಣು, ದಿನಗಟ್ಟಲೆ ತಂಪಿನಲ್ಲಿಟ್ಟ ಖೋವಾದ ಸಿಹಿ. ಸಿಪ್ಪೆ ಸುಲಿದು ತಿನ್ನುವ ಬಾಳೆ, ಕಿತ್ತಳೆಗಳಿಗೆ ಅಡ್ಡಿಯಿಲ್ಲ. ಶಕ್ತಿವರ್ಧಕವೆಂದು ಎಲ್ಲರೂ ಹೇಳುವ ಮೊಳಕೆಕಾಳನ್ನು ಹಸಿಯಾಗಿ ಕೊಡಬಾರದು. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕು ಸುಮಾರು 3800 ಮಂದಿಯನ್ನು ಕೆಡವಿ 50ಕ್ಕೂ ಹೆಚ್ಚು ಜನರನ್ನು ಕೊಂದಿತು. ಅವರಲ್ಲಿ ಹಲವರು ಗಟ್ಟಿಮುಟ್ಟಾಗಿದ್ದವರೇ. ಬೀಜ ಮೊಳೆಯಲು ಬೇಕಾದ ತೇವ, ಬೆಚ್ಚಗೆಗಳು ರೋಗಾಣುವಿಗೂ ಬೇಕಾದುವು. ಬೇಯಿಸಿದರೆ ತೊಂದರೆಯಿಲ್ಲ.

ತಂಗಳನ್ನದ ಬಗೆಗೆ ಒಂದು ಮಾತು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದನ್ನುಂಡು ಬೆಳೆದ ತಲೆಮಾರು ನಮ್ಮದು. ಆದರೆ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿಯ ಬೀಜಕಣಗಳು ಬೆಂದ ಮೇಲೂ ಬದುಕಿರುತ್ತವೆ. ಅನ್ನ ಇಡೀ ರಾತ್ರಿ ಹೊರಗೆ ಬೆಚ್ಚಗಿದ್ದರೆ ಅವು ಮೊಳೆತು ಒಂದು ವಿಷವನ್ನು ಬಿಡುತ್ತವೆ. ಬೆಳಿಗ್ಗೆ ಚಿತ್ರಾನ್ನ ಮಾಡಿ ಎಷ್ಟು ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ಆರೋಗ್ಯವಂತನಿಗೆ ಅದು ಒಂದು ದಿನದ ವಾಂತಿ. ಉಸಿರಿಗಾಗಿ ಹೋರಾಡುತ್ತಿರುವವನಿಗೆ ಅದೂ ಹೊರಲಾರದ ಹೊರೆ.

ವಿದ್ಯಾರ್ಥಿನಿಲಯದ ನೂರಾರು ಮಕ್ಕಳಿಗೆ ಫ್ಲೂ ಬಂದಾಗ ಅವರೆಲ್ಲರಿಗೂ ಲಿಸ್ಟೀರಿಯಾ ಅಂಟೀತೆಂದು ಯಾರೂ ಹೆದರಬೇಕಾಗಿಲ್ಲ. ಹದಿಹರೆಯದ ಕಾವಲು ಬಲವಾದುದು. ಅಪಾಯವಿರುವುದು ಆಸ್ತಮಾಕ್ಕಾಗಿ ಸ್ಟೀರಾಯಿಡ್ ಮಾತ್ರೆ ನುಂಗುತ್ತಿರುವ ಒಬ್ಬಿಬ್ಬರು ಹುಡುಗರಿಗೆ, ಅಡುಗೆಮನೆಯಲ್ಲಿ ದುಡಿಯುವ ವಯಸ್ಸಾದವರಿಗೆ, ಮತ್ತು ನಾವು ಹಣ್ಣಿನ ಬುಟ್ಟಿ ಹಿಡಿದು ನೋಡಲು ಹೋಗುವ ನಮ್ಮ ನಿವೃತ್ತ ಗುರುಗಳಿಗೆ. ದಾನಿಗಳು ದೊಡ್ಡ ಶೀತಕಯಂತ್ರವನ್ನು ಕೊಡಿಸಲು ಮುಂದೆ ಬಂದಾಗ, ಅದರ ಜೊತೆಗೆ ಒಳಗಿನ ಶಾಖ ತೋರಿಸುವ ಚಿಕ್ಕದೊಂದು ಮಾಪಕವನ್ನೂ, ರೋಗಿಗಳ ಕೊಠಡಿಗೆ ಊಟ ಬಿಸಿಯಾಗಿ ಒಯ್ಯುವ ಡಬ್ಬಿಗಳನ್ನೂ ಕೊಡಿಸಿದರೆ ಖರ್ಚು ಹೆಚ್ಚೇನೂ ಆಗದು. ಕರೆಂಟು ಹೋಗಿ ಬಂದು ಮಾಡುವ ನಮ್ಮ ಊರುಗಳಲ್ಲಿ ಆ ಮಾಪಕ ಎಷ್ಟು ಬಾರಿ 4 ಡಿಗ್ರಿಯನ್ನು ದಾಟುತ್ತದೆ ಎಂಬುದನ್ನು ವಾರ್ಡನ್ ಅವರು ಒಂದು ತಿಂಗಳು ಬರೆದಿಟ್ಟು ನೋಡಬಹುದು.

ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿ ಮನೆಗೆ ಮರಳುವವರ ಚೀಟಿಯ ಕೊನೆಯಲ್ಲಿ ಸಾಮಾನ್ಯವಾಗಿ ‘ಎಂದಿನ ಆಹಾರ’ ಎಂದು ಬರೆದಿರುತ್ತದೆ. ಬಿಡುಗಡೆಯ ದಿನ ಆ ಸಾಲಿನ ಪಕ್ಕದಲ್ಲಿ ಯಾವ ಸ್ಟೀರಾಯಿಡ್, ಎಷ್ಟು ಪ್ರಮಾಣದಲ್ಲಿ, ಯಾವ ತಾರೀಖಿನವರೆಗೆ ಕೊಟ್ಟರು ಎಂಬುದನ್ನು ವೈದ್ಯರಿಂದ ಬರೆಯಿಸಿಕೊಂಡು, ಆ ಕಾಗದವನ್ನು ಮೂರು ತಿಂಗಳು ಮನೆಯಲ್ಲಿ ಕೈಗೆ ಸಿಗುವ ಕಡೆ ಇಟ್ಟುಕೊಳ್ಳಬೇಕು. ಆ ಅವಧಿಯಲ್ಲಿ ಜ್ವರ, ತಲೆನೋವು, ಕತ್ತು ಬಿಗಿತ, ಮಂಕು ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ಮೊದಲು ತೋರಿಸಬೇಕಾದುದು ಅದನ್ನೇ.